ಚಲನ್‌ನಲ್ಲಿರುವ 118 ಯಾರ ವೇಗ?

ಪ್ರಶ್ನೆ: ಕಾರಿನಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಬಂದಿದ್ದೆ. ಆಮೇಲೆ ಮೊಬೈಲಿಗೆ ಚಲನ್ ಬಂತು. ಹೆದ್ದಾರಿಯಲ್ಲಿ ನನ್ನ ವೇಗ ಗಂಟೆಗೆ 118 ಕಿ.ಮೀ. ಇತ್ತು ಅಂತ ಅದರಲ್ಲಿದೆ. ಮೀಟರಿನ ಮುಳ್ಳು 105 ದಾಟಿರಲಿಲ್ಲ, ಅದು ನನಗೆ ಚೆನ್ನಾಗಿ ನೆನಪಿದೆ. ಆ ಹೊತ್ತಿಗೆ ಬಲಗಡೆಯಿಂದ ಇನ್ನೊಂದು ಕಾರು ನನ್ನನ್ನು ಓವರ್‌ಟೇಕ್ ಮಾಡುತ್ತಿತ್ತು. ಫೋಟೋದ ಅಂಚಿನಲ್ಲಿ ಅದರ ಮೂತಿಯೂ ಕಾಣುತ್ತದೆ. ನಿಂತ ಚಿತ್ರ ನೋಡಿ ಕ್ಯಾಮೆರಾಗೆ ವೇಗ ಹೇಗೆ ಗೊತ್ತಾಗುತ್ತದೆ? ಅವರ ವೇಗ ನನ್ನ ತಲೆಗೆ ಬಂದಿರಬಹುದಾ? ಕ್ಯಾಮೆರಾ ಕಂಡಾಗ ಬ್ರೇಕ್ ಒತ್ತಿದ್ದರೆ ತಪ್ಪಿಸಿಕೊಳ್ಳುತ್ತಿದ್ದೆನಾ?
— ಮೈಸೂರಿನ ಓದುಗರೊಬ್ಬರು

ಉತ್ತರ: ಹೆಚ್ಚಿನ ಉಪಕರಣಗಳಲ್ಲಿ ಫೋಟೋ ನೋಡಿ ವೇಗ ಅಳೆಯುವುದಿಲ್ಲ. ಕಂಬದ ಮೇಲೆ ಎರಡು ಬೇರೆ ಬೇರೆ ಕೆಲಸ ನಡೆಯುತ್ತವೆ. ಒಂದು ಉಪಕರಣ ವೇಗ ಅಳೆಯುತ್ತದೆ. ವೇಗ ಮಿತಿ ದಾಟಿತು ಅಂತ ಅದು ಹೇಳಿದ ಕೂಡಲೇ ಇನ್ನೊಂದು ಉಪಕರಣ ಫೋಟೋ ತೆಗೆಯುತ್ತದೆ. 118 ಎಂಬ ಅಂಕಿ ಬರುವುದು ಮೊದಲನೆಯದರಿಂದ. ಆ ಅಂಕಿ ಯಾವ ಗಾಡಿಯದು ಅಂತ ಹೇಳುವುದಷ್ಟೇ ಫೋಟೋದ ಕೆಲಸ. ನಿಮ್ಮ ತಕರಾರು ಇರುವುದು ಈ ಎರಡರ ನಡುವಿನ ಕೊಂಡಿಯಲ್ಲಿ, ಹಾಗಾಗಿ ಅದನ್ನೇ ಹಿಡಿದು ಹೋಗೋಣ.

ಅಂದಹಾಗೆ, ಆ ಹೆದ್ದಾರಿಯಲ್ಲಿ ಕಾರಿಗೆ ಮಿತಿ 100. ನೀವು ಒಪ್ಪಿಕೊಳ್ಳುತ್ತಿರುವ 105 ಕೂಡ ಮಿತಿ ಮೀರಿದ್ದೇ. ಇರಲಿ, ಮುಳ್ಳಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ವೇಗ ಅಳೆಯುವ ಉಪಕರಣ ರಾಡಾರ್ ಅಂತ ಇಟ್ಟುಕೊಳ್ಳೋಣ. ಅದು ಹೇಗೆ ಅಳೆಯುತ್ತದೆ? ದಾರಿ ಬದಿ ನಿಂತಾಗ ಹಾರ್ನ್ ಒತ್ತಿಕೊಂಡೇ ಬರುವ ಬಸ್ಸನ್ನು ನೆನಪಿಸಿಕೊಳ್ಳಿ. ಹತ್ತಿರ ಬರುವಾಗ ಹಾರ್ನಿನ ದನಿ ಕೀರಲಾಗಿರುತ್ತದೆ. ನಮ್ಮನ್ನು ದಾಟಿದ ಕೂಡಲೇ ತಗ್ಗುತ್ತದೆ. ಹಾರ್ನ್ ಬದಲಾಗಿಲ್ಲ, ನಮ್ಮ ಕಿವಿಗೆ ಬರುವ ಅಲೆಗಳ ಎಣಿಕೆ ಬದಲಾಗಿದೆ. ಆಸ್ಟ್ರಿಯಾದ ಕ್ರಿಸ್ಟಿಯನ್ ಡಾಪ್ಲರ್ 1842ರಲ್ಲಿ ಇದನ್ನು ವಿವರಿಸಿದರು. ರಾಡಾರ್ ಮಾಡುವುದೂ ಇದನ್ನೇ, ಶಬ್ದದ ಬದಲು ರೇಡಿಯೋ ಅಲೆ ಇಟ್ಟುಕೊಂಡು.

ರಸ್ತೆ ರಾಡಾರ್‌ಗಳಲ್ಲಿ ಹಲವು 24 ಗಿಗಾಹರ್ಟ್ಸ್ ಸುತ್ತಮುತ್ತ ಕೆಲಸ ಮಾಡುತ್ತವೆ. ಲೆಕ್ಕಕ್ಕೆ 24.15 ಅಂತ ಇಟ್ಟುಕೊಳ್ಳೋಣ. ಅಂದರೆ ಸೆಕೆಂಡಿಗೆ 2,415 ಕೋಟಿ ಅಲೆಗಳನ್ನು ಅದು ರಸ್ತೆಯ ಮೇಲೆ ಬಿಡುತ್ತದೆ. ನಿಂತ ಕಾರಿಗೆ ತಗುಲಿದರೆ ಅಷ್ಟೇ ಅಲೆ ವಾಪಸ್ ಬರುತ್ತವೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಎದುರು ಬರುವ ಕಾರಿಗೆ ತಗುಲಿದರೆ ಸೆಕೆಂಡಿಗೆ ಸುಮಾರು 4,475 ಅಲೆ ಜಾಸ್ತಿ ಬರುತ್ತವೆ. 2,415 ಕೋಟಿಯಲ್ಲಿ ನಾಲ್ಕೂವರೆ ಸಾವಿರ ಯಾವ ಲೆಕ್ಕ ಅನ್ನಿಸಬಹುದು. ಆದರೆ ಉಪಕರಣ ಪೂರ್ತಿ ಎಣಿಸುವುದಿಲ್ಲ. ಬಿಟ್ಟ ಅಲೆಯನ್ನೂ ಬಂದ ಅಲೆಯನ್ನೂ ಒಳಗೆ ಒಂದಕ್ಕೊಂದು ಬೆರೆಸುತ್ತದೆ. ಬೆರೆತಾಗ ವ್ಯತ್ಯಾಸ ಮಾತ್ರ ಒಂದು ಹೊಸ ಅಲೆಯಾಗಿ ಹೊರಗೆ ಬರುತ್ತದೆ. ಆ ವ್ಯತ್ಯಾಸವನ್ನು ಎಣಿಸುವುದು ಬಹಳ ಸುಲಭ.

4,475 ಅಂದರೆ ಕಿವಿಗೆ ಕೇಳುವ ದನಿಯ ಅಳತೆಯಲ್ಲೇ ಬಂತು. ಅದಕ್ಕೇ ಅಮೆರಿಕದ ಪೊಲೀಸರ ಎಷ್ಟೋ ರಾಡಾರ್‌ಗಳಲ್ಲಿ ಸ್ಪೀಕರ್ ಇರುತ್ತದೆ. ಕಾರು ವೇಗವಾದಷ್ಟೂ ಅದರಿಂದ ಬರುವ ಶಿಳ್ಳೆ ಏರುತ್ತದೆ. ಪಳಗಿದ ಪೊಲೀಸರು ಪರದೆ ನೋಡುವ ಮೊದಲೇ ಶಿಳ್ಳೆ ಕೇಳಿ ವೇಗ ಅಂದಾಜು ಮಾಡುತ್ತಾರೆ. ಇನ್ನೊಂದು ಮಜಾ ಇದೆ. ರಾಡಾರ್ ಸರಿಯಿದೆಯಾ ಅಂತ ನೋಡಲು ಅವರು ಬಳಸುತ್ತಿದ್ದದ್ದು ಹೈಸ್ಕೂಲ್ ಲ್ಯಾಬಿನಲ್ಲಿ ನಾವೆಲ್ಲ ಬಡಿದು ಆಡಿದ ಶ್ರುತಿ ಕವಲನ್ನೇ. ಸೆಕೆಂಡಿಗೆ ಇಂತಿಷ್ಟು ಸಲ ನಡುಗುವ ಕವಲನ್ನು ರಾಡಾರ್ ಮುಂದೆ ಹಿಡಿದರೆ ಅದಕ್ಕೆ ಸರಿಹೊಂದುವ ವೇಗ ಪರದೆಯಲ್ಲಿ ಬರಬೇಕು. ಬರದಿದ್ದರೆ ಆ ದಿನ ಉಪಕರಣ ಪೆಟ್ಟಿಗೆಗೆ ವಾಪಸ್.

ಇಲ್ಲಿಯವರೆಗೆ ಎದುರಿಗೆ ನೇರವಾಗಿ ಹಿಡಿದ ರಾಡಾರ್ ಬಗ್ಗೆ ಹೇಳಿದೆ. ಫೋಟೋ ತೆಗೆಯುವ ಹಳೆಯ ರಾಡಾರ್‌ಗಳನ್ನು ಹಾಗೆ ಇಡುವುದಿಲ್ಲ. ರಸ್ತೆ ಬದಿಯಿಂದ ಓರೆಯಾಗಿ, ಸುಮಾರು 20 ಡಿಗ್ರಿ ಕೋನದಲ್ಲಿ, ರಸ್ತೆಯನ್ನು ಅಡ್ಡ ಕತ್ತರಿಸುವಂತೆ ಇಡುತ್ತಾರೆ. ನೇರವಾಗಿಟ್ಟರೆ ಒಂದರ ಹಿಂದೆ ಒಂದು ಬರುವ ಹತ್ತಾರು ಗಾಡಿಗಳ ಮೇಲೆ ಅಲೆ ಒಟ್ಟಿಗೇ ಬೀಳುತ್ತದೆ. ಯಾವ ಅಂಕಿ ಯಾರದು ಅಂತ ಹೇಳುವುದು ಕಷ್ಟ. ಓರೆಯಾಗಿ, ಐದು ಡಿಗ್ರಿ ಅಗಲದ ಕಿರಿದಾದ ಅಲೆ ಬಿಟ್ಟರೆ ಗಾಡಿಗಳು ಒಂದೊಂದಾಗಿ ಅದರೊಳಗೆ ಹೊಕ್ಕು ಹೊರಗೆ ಹೋಗುತ್ತವೆ.

ಈ ಓರೆಗೆ ಒಂದು ಬೆಲೆ ಇದೆ. ರಾಡಾರ್‌ಗೆ ಕಾಣುವುದು ತನ್ನ ಕಡೆಗೆ ಬರುವ ಅಥವಾ ತನ್ನಿಂದ ದೂರ ಹೋಗುವ ವೇಗ ಮಾತ್ರ. 20 ಡಿಗ್ರಿ ಓರೆಯಲ್ಲಿ 100ರ ವೇಗ ಅದಕ್ಕೆ 94 ಆಗಿ ಕಾಣುತ್ತದೆ. ಕೊಸೈನ್ ಲೆಕ್ಕ ನೆನಪಿದ್ದವರಿಗೆ ಇದು ತಟ್ಟನೆ ಹೊಳೆಯುತ್ತದೆ. ಅದಕ್ಕೆ ಉಪಕರಣ ಒಳಗೇ ಭಾಗಾಕಾರ ಮಾಡಿ 94ನ್ನು ಮತ್ತೆ 100 ಮಾಡಿ ತೋರಿಸುತ್ತದೆ. ಇಲ್ಲೇ ತಪ್ಪಿಗೆ ಮೊದಲ ಬಾಗಿಲು. 20 ಡಿಗ್ರಿ ಅಂತ ಲೆಕ್ಕ ಹಾಕುವ ಉಪಕರಣವನ್ನು ಕೂರಿಸಿದವರು 19 ಡಿಗ್ರಿಗೆ ಕೂರಿಸಿದರೆ? ನೂರಕ್ಕೆ ಅರ್ಧ ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ ತೋರಿಸುತ್ತದೆ. ಅದು ಲೆಕ್ಕಕ್ಕಿಲ್ಲ. 15 ಡಿಗ್ರಿಗೆ ಕೂರಿಸಿದರೆ ನೂರಕ್ಕೆ ಸುಮಾರು ಮೂರು ಜಾಸ್ತಿ. ಕೈಯಲ್ಲಿ ಹಿಡಿದು ಎದುರಿಗೆ ಗುರಿಯಿಡುವ ಗನ್‌ನಲ್ಲಿ ಕೋನದ ತಪ್ಪು ಯಾವಾಗಲೂ ಚಾಲಕರ ಪರವಾಗಿಯೇ ಇರುತ್ತದೆ, ಯಾಕೆಂದರೆ ಅದು ವೇಗವನ್ನು ಕಡಿಮೆಯೇ ತೋರಿಸುತ್ತದೆ. ಓರೆ ರಾಡಾರ್‌ನಲ್ಲಿ ಹಾಗಿಲ್ಲ, ತಪ್ಪು ಎರಡೂ ಕಡೆಗೆ ಹೋಗಬಹುದು. ಚಾಲಕರ ಪರವಾಗಿ ವಾದಿಸುವವರೂ ಪೊಲೀಸರ ಪರವಾಗಿ ವಾದಿಸುವವರೂ ಈ ವ್ಯತ್ಯಾಸ ಮರೆಯುವುದನ್ನು ತುಂಬ ಸಲ ನೋಡಿದ್ದೇನೆ.

ಈಗ ಈ ಲೆಕ್ಕವನ್ನು ನಿಮ್ಮ ಚಲನ್‌ಗೆ ಹಚ್ಚೋಣ. ಉಪಕರಣ ಓರೆ ರಾಡಾರ್ ಅಂತಲೇ ಇಟ್ಟುಕೊಳ್ಳಿ. ಕೂರಿಸಿದವರು ಎಷ್ಟು ಕೆಟ್ಟದಾಗಿ ಕೂರಿಸಿರಬಹುದು? ಅತಿ ಕೆಟ್ಟದ್ದೆಂದರೆ ರಸ್ತೆಗೆ ನೇರವಾಗಿ, ಸೊನ್ನೆ ಡಿಗ್ರಿಗೆ. ಆಗಲೂ ಉಪಕರಣ ತಪ್ಪಾಗಿ ಏರಿಸಿ ಹೇಳುವುದು ನೂರಕ್ಕೆ ಆರೂವರೆಯಷ್ಟು ಮಾತ್ರ. ನೀವು ನಿಜಕ್ಕೂ 105ರಲ್ಲಿ ಇದ್ದಿದ್ದರೆ ಅದು 112ರ ಒಳಗೇ ನಿಲ್ಲಬೇಕು. 118ಕ್ಕೆ ಹೋಗುವುದಿಲ್ಲ. ಅಂದರೆ ಕೋನದ ತಪ್ಪು ಒಂದೇ ನಿಮ್ಮ ಚಲನ್ ಅನ್ನು ವಿವರಿಸುವುದಿಲ್ಲ. ಒಂದೋ ಆ 118 ನಿಮ್ಮದಲ್ಲ, ಇಲ್ಲವೇ ನಿಮ್ಮ ಮುಳ್ಳು ಸರಿಯಿಲ್ಲ.

ಮುಳ್ಳಿನ ವಿಷಯ ಮುಗಿಸಿಬಿಡೋಣ. ಕಾರು ಕಂಪನಿಗಳು ಸ್ಪೀಡೋಮೀಟರನ್ನು ಬೇಕೆಂದೇ ಸ್ವಲ್ಪ ಜಾಸ್ತಿ ತೋರಿಸುವಂತೆ ಮಾಡುತ್ತವೆ. ವಿಶ್ವಸಂಸ್ಥೆಯ ವಾಹನ ನಿಯಮ 39ರ ಪ್ರಕಾರ ಅದು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವ ಹಾಗೇ ಇಲ್ಲ. ಜಾಸ್ತಿ ತೋರಿಸಬಹುದು, ಅದೂ ನೂರಕ್ಕೆ ಹತ್ತು ಮತ್ತು ಅದರ ಮೇಲೆ ನಾಲ್ಕು ಕಿ.ಮೀ. ವರೆಗೆ. ಹಾಗಾಗಿ ಮುಳ್ಳು 105 ಅಂದಾಗ ನಿಮ್ಮ ನಿಜವಾದ ವೇಗ 100ರ ಆಸುಪಾಸು ಇದ್ದಿರುವ ಸಾಧ್ಯತೆಯೇ ಹೆಚ್ಚು. ಇದಕ್ಕೆ ಒಂದೇ ದೊಡ್ಡ ವಿನಾಯಿತಿ, ಟೈರ್. ಕಂಪನಿ ಕೊಟ್ಟಿದ್ದಕ್ಕಿಂತ ದೊಡ್ಡ ಗಾತ್ರದ ಚಕ್ರ ಹಾಕಿಸಿದ್ದರೆ ಮುಳ್ಳು ಕಡಿಮೆ ತೋರಿಸಲು ಶುರು ಮಾಡುತ್ತದೆ. ಸುತ್ತಳತೆ ನೂರಕ್ಕೆ ಐದು ಹೆಚ್ಚಾದರೆ ವೇಗವೂ ಮುಳ್ಳಿಗೆ ಗೊತ್ತಾಗದಂತೆ ಅಷ್ಟೇ ಹೆಚ್ಚಾಗುತ್ತದೆ. ನೀವು ಅಲಾಯ್ ವೀಲ್ ಹಾಕಿಸಿದ್ದೀರಾ? ಹೌದಾದರೆ ನೇರ ರಸ್ತೆಯಲ್ಲಿ, ಪಕ್ಕದಲ್ಲಿ ಕೂತವರ ಕೈಯಲ್ಲಿ ಮೊಬೈಲ್ ಕೊಟ್ಟು, ಒಂದೇ ವೇಗದಲ್ಲಿ ಹೋಗುತ್ತ ಜಿಪಿಎಸ್ ವೇಗದ ಜೊತೆ ಮುಳ್ಳನ್ನು ಹೋಲಿಸಿ ನೋಡಿ.

ಇನ್ನು ಉಳಿದದ್ದು ಪಕ್ಕದ ಕಾರು.

ಫೋಟೋ ಇಲ್ಲದ ಕಡೆ ರಾಡಾರ್ ಎಷ್ಟು ಮರ್ಯಾದೆ ಕಳೆದುಕೊಂಡಿತ್ತು ಅಂತ ಹೇಳಿದರೆ ಈ ಕೊಂಡಿ ಯಾಕೆ ಮುಖ್ಯ ಅಂತ ಗೊತ್ತಾಗುತ್ತದೆ. 1979ರಲ್ಲಿ ಅಮೆರಿಕದ ಫ್ಲೋರಿಡಾದ ಮಯಾಮಿಯಲ್ಲಿ ಟಿವಿ ವರದಿಗಾರರು ಪೊಲೀಸ್ ರಾಡಾರ್ ಗನ್ ಹಿಡಿದು ಒಂದು ತಾಳೆ ಮರದ ವೇಗ ಗಂಟೆಗೆ 86 ಮೈಲಿ ಅಂತ ತೋರಿಸಿದರು. ಒಂದು ಮನೆ 28 ಮೈಲಿ ವೇಗದಲ್ಲಿ ಓಡುತ್ತಿತ್ತು! ಅದೇ ವರ್ಷ ಅಲ್ಲಿನ ನ್ಯಾಯಾಧೀಶರೊಬ್ಬರು ಆ ರಾಡಾರ್ ಅಂಕಿಗಳನ್ನು ನಂಬಲಾಗದು ಅಂತ ತಳ್ಳಿಹಾಕಿದರು. ಮರ ಓಡಿರಲಿಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ರಾಡಾರ್ ಯಾವುದೋ ಅಲೆಯನ್ನು ಹಿಡಿದು, ಅದನ್ನೇ ಅಂಕಿ ಮಾಡಿ ತೋರಿಸಿತ್ತು. ಅಂಕಿ ಯಾರದು ಅಂತ ಹೇಳಲು ಗನ್ ಹಿಡಿದವರ ಬಾಯಿ ಮಾತು ಬಿಟ್ಟು ಬೇರೇನೂ ಇರಲಿಲ್ಲ.

ಫೋಟೋ ಬಂದ ಕಥೆ ಬೇರೆ ಕಡೆಯದು. ಮೌಸ್ ಗ್ಯಾಟ್ಸೊನೈಡ್ಸ್ ಅಂತ ಒಬ್ಬ ಡಚ್ ರ‍್ಯಾಲಿ ಚಾಲಕರಿದ್ದರು. 1953ರ ಮಾಂಟೆ ಕಾರ್ಲೋ ರ‍್ಯಾಲಿ ಗೆದ್ದವರು. ತಿರುವಿನಲ್ಲಿ ತನ್ನ ಕಾರು ಎಷ್ಟು ವೇಗ ಹೋಗುತ್ತಿದೆ, ಇನ್ನೂ ಜಾಸ್ತಿ ಹೋಗಬಹುದಾ ಅಂತ ತಿಳಿಯಲು ಉಪಕರಣ ಮಾಡಿಕೊಂಡರು. 1958ರಲ್ಲಿ ಅದನ್ನೇ ಕಂಪನಿ ಮಾಡಿದರು. ವೇಗವಾಗಿ ಓಡಿಸಲು ಹುಟ್ಟಿದ ಉಪಕರಣ ವೇಗಕ್ಕೆ ದಂಡ ಹಾಕುವ ಉಪಕರಣವಾಯಿತು. ಶುರುವಿನಲ್ಲಿ ರಸ್ತೆಗೆ ಅಡ್ಡ ಹಾಸಿದ ರಬ್ಬರ್ ಕೊಳವೆಗಳನ್ನು ಬಳಸುತ್ತಿದ್ದರು. ರಾಡಾರ್ ಬಂದದ್ದು ಆಮೇಲೆ. ಇಂಗ್ಲೆಂಡಿನಲ್ಲಿ 1992ರಿಂದ ರಸ್ತೆ ಬದಿ ನಿಂತ ಗ್ಯಾಟ್ಸೊ ಪೆಟ್ಟಿಗೆಗಳು ಇವರದೇ. ಒಳಗೆ ಫಿಲ್ಮ್ ಇರುತ್ತಿತ್ತು. ತುಂಬಿದ ಫಿಲ್ಮನ್ನು ಯಾರಾದರೂ ಹೋಗಿ ಬದಲಿಸಬೇಕಿತ್ತು. ಎಷ್ಟೋ ಪೆಟ್ಟಿಗೆಗಳೊಳಗೆ ಕ್ಯಾಮೆರಾನೇ ಇರುತ್ತಿರಲಿಲ್ಲ, ಸುಮ್ನೆ ಹೆದರಿಸಲು ನಿಂತಿರುತ್ತಿದ್ದವು.

ಆ ಪೆಟ್ಟಿಗೆಯಲ್ಲಿ ನನಗೆ ತುಂಬ ಇಷ್ಟವಾದದ್ದು ಅದರ ಎರಡನೇ ಫೋಟೋ. ರಾಡಾರ್ ಮಿತಿ ಮೀರಿತು ಅಂದ ಕೂಡಲೇ ಒಂದು ಫೋಟೋ, ಸರಿಯಾಗಿ ಅರ್ಧ ಸೆಕೆಂಡ್ ಬಿಟ್ಟು ಇನ್ನೊಂದು. ರಸ್ತೆಯ ಮೇಲೆ ಸಮ ಅಂತರದಲ್ಲಿ ಬಿಳಿ ಗೆರೆಗಳನ್ನು ಎಳೆದಿರುತ್ತಾರೆ. ಎರಡು ಫೋಟೋಗಳ ನಡುವೆ ಕಾರು ಎಷ್ಟು ಗೆರೆ ದಾಟಿದೆ ಅಂತ ಎಣಿಸಿದರೆ ಸಾಕು, ರಾಡಾರ್ ಸಹಾಯವೇ ಇಲ್ಲದೆ ವೇಗ ಸಿಗುತ್ತದೆ. ಅರ್ಧ ಸೆಕೆಂಡಿನಲ್ಲಿ 14 ಮೀಟರ್ ಹೋದರೆ ವೇಗ ಗಂಟೆಗೆ ಸುಮಾರು 100 ಕಿ.ಮೀ. 16.4 ಮೀಟರ್ ಹೋದರೆ 118. ಈ ಲೆಕ್ಕ ರಾಡಾರ್‌ನಷ್ಟು ಕರಾರುವಾಕ್ಕಲ್ಲ. ಆದರೆ ರಾಡಾರ್ ಬೇರೆ ಯಾರದೋ ಅಲೆ ಹಿಡಿದಿದ್ದರೆ ಇದು ತಕ್ಷಣ ತೋರಿಸಿಕೊಡುತ್ತದೆ.

ತೋರಿಸಿಕೊಟ್ಟದ್ದೂ ಇದೆ. 2012ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಒಬ್ಬರಿಗೆ ನೋಟಿಸ್ ಬಂತು. 25 ಮೈಲಿ ಮಿತಿಯಿದ್ದ ಕಡೆ 38 ಮೈಲಿ ವೇಗ ಅಂತ ಆರೋಪ. ಫೋಟೋ ಮತ್ತು ವಿಡಿಯೋ ತೆಗೆದು ನೋಡಿದರೆ ಅವರ ಕಾರು ಕೆಂಪು ದೀಪದ ಮುಂದೆ ಕದಲದೆ ನಿಂತಿತ್ತು! ಅಂಕಿ ಬೇರೆಲ್ಲಿಂದಲೋ ಬಂದಿತ್ತು. ಫೋಟೋ ನೋಡಿ ಸಹಿ ಹಾಕಬೇಕಾದವರು ನೋಡದೆ ಸಹಿ ಹಾಕಿದ್ದರು. ಮರುವರ್ಷ ಆ ನಗರ ವೇಗದ ಕ್ಯಾಮೆರಾಗಳನ್ನೇ ನಿಲ್ಲಿಸಿತು. ಆ ಕೇಸಿನಲ್ಲಿ ಚಾಲಕರನ್ನು ಉಳಿಸಿದ್ದು ಯಾವ ದೊಡ್ಡ ತಂತ್ರಜ್ಞಾನವೂ ಅಲ್ಲ, ಹೊತ್ತಿನ ಅಂತರವಿಟ್ಟು ತೆಗೆದ ಎರಡು ಚಿತ್ರ.

ಈಗಿನ ಹೊಸ ರಾಡಾರ್‌ಗಳು ಇನ್ನೂ ಜಾಣ. ಅವು ಒಂದೇ ಬಗೆಯ ಅಲೆ ಬಿಡದೆ ಅದರ ಕಂಪನವನ್ನು ಏರಿಸಿ ಇಳಿಸಿ ಬಿಡುತ್ತವೆ. ಅದರಿಂದ ವೇಗದ ಜೊತೆ ದೂರವೂ ಸಿಗುತ್ತದೆ. ವಾಪಸ್ ಬಂದ ಅಲೆಯನ್ನು ಅಕ್ಕಪಕ್ಕದ ಎರಡು ಮೂರು ಆಂಟೆನಾಗಳಲ್ಲಿ ಹಿಡಿಯುತ್ತವೆ. ಒಂದಕ್ಕೆ ಕೂದಲೆಳೆಯಷ್ಟು ಮೊದಲು, ಇನ್ನೊಂದಕ್ಕೆ ಆಮೇಲೆ ಬರುವುದರಿಂದ ಯಾವ ದಿಕ್ಕಿನಿಂದ ಬಂತು ಅಂತಲೂ ತಿಳಿಯುತ್ತದೆ. ಹೀಗೆ ಪ್ರತಿ ಗಾಡಿಗೂ ದೂರ, ದಿಕ್ಕು, ವೇಗ ಮೂರೂ ಸಿಕ್ಕಿ, ಮೂರ್ನಾಲ್ಕು ಲೇನಿನ ಗಾಡಿಗಳನ್ನು ಒಟ್ಟಿಗೇ ಹಿಂಬಾಲಿಸಲು ಆಗುತ್ತದೆ. ರಾಡಾರ್ ಹೇಳಿದ ಜಾಗ ಫೋಟೋದಲ್ಲಿ ಎಲ್ಲಿ ಬೀಳುತ್ತದೆ ಅಂತ ಮೊದಲೇ ಅಳೆದು ಇಟ್ಟಿರುತ್ತಾರೆ. ಆ ಜಾಗದ ಸುತ್ತ ಒಂದು ಚೌಕಟ್ಟು ಹಾಕಿ ಫೋಟೋ ಉಳಿಸುತ್ತಾರೆ.

ಈಗ ನಿಮ್ಮ ಕೇಸಿನ ಗಂಟು ನೋಡಿ. ಅಕ್ಕಪಕ್ಕ ಎರಡು ಕಾರು. ಒಂದು 105, ಇನ್ನೊಂದು 118. ಎರಡು ಬೇರೆ ವೇಗಗಳಿವೆ ಅನ್ನುವುದು ರಾಡಾರ್‌ಗೆ ಸುಲಭವಾಗಿ ಗೊತ್ತಾಗುತ್ತದೆ, ಯಾಕೆಂದರೆ ಅಲೆಗಳ ವ್ಯತ್ಯಾಸವೇ ಬೇರೆ. ಕಷ್ಟ ಇರುವುದು ಯಾವ ವೇಗ ಯಾವ ಲೇನಿನದು ಅನ್ನುವಲ್ಲಿ. ಎರಡೂ ಒಂದೇ ದೂರದಲ್ಲಿರುವುದರಿಂದ ದಿಕ್ಕು ಒಂದೇ ಆಧಾರ. ಕಾರುಗಳು ನೂರು ಮೀಟರ್ ಆಚೆ ಇದ್ದಾಗ ಎರಡು ಲೇನ್‌ಗಳ ನಡುವಿನ ಕೋನ ಬರೀ ಎರಡು ಡಿಗ್ರಿ ಚಿಲ್ಲರೆ. ಹತ್ತಿರ ಬಂದಷ್ಟೂ ಅಂತರ ಬಿಚ್ಚಿಕೊಳ್ಳುತ್ತದೆ. ಒಳ್ಳೆಯ ಉಪಕರಣ ಅಷ್ಟು ದೂರವೂ ಹಿಂಬಾಲಿಸಿ, ಅನುಮಾನ ಬಂದರೆ ಅಳತೆಯನ್ನು ಬಿಟ್ಟುಬಿಡುತ್ತದೆ. ಪರಿಶೀಲಿಸುವ ಸಿಬ್ಬಂದಿಯೂ ಚೌಕಟ್ಟಿನೊಳಗೆ ಒಂದೇ ದಿಕ್ಕಿಗೆ ಹೋಗುವ ಎರಡು ಗಾಡಿಗಳು ಸಿಕ್ಕಿದ್ದರೆ ಅಂಥದ್ದನ್ನು ತಿರಸ್ಕರಿಸುವುದೇ ಸರಿಯಾದ ಪದ್ಧತಿ. ಹಾಗಾಗಿ ನಿಮ್ಮ ಅನುಮಾನ ಹುಚ್ಚಲ್ಲ. ಆದರೆ ಪಕ್ಕದಲ್ಲಿ ಒಂದು ಕಾರು ಇತ್ತು ಅನ್ನುವುದಷ್ಟರಿಂದ ಚಲನ್ ತಪ್ಪು ಅಂತಲೂ ಆಗುವುದಿಲ್ಲ. ಗುರುತಿನ ಚೌಕಟ್ಟು ಯಾರ ಮೇಲಿದೆ ಅನ್ನುವುದೇ ಪ್ರಶ್ನೆ.

ಒಂದು ವೇಳೆ ಅದು ರಾಡಾರೇ ಅಲ್ಲದಿದ್ದರೆ? ಆ ಸಾಧ್ಯತೆಯೂ ಇದೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 2024ರಲ್ಲಿ ನಂಬರ್ ಪ್ಲೇಟ್ ಓದುವ ಕ್ಯಾಮೆರಾಗಳ ಸಾಲು ಬಂತು. ಕೆಳಗಿನಿಂದ ಕಂಬ ನೋಡಿ ಒಳಗೆ ಏನಿದೆ ಅಂತ ಹೇಳಲು ಆಗುವುದಿಲ್ಲ. ಹೆದ್ದಾರಿ ಪೊಲೀಸರ ಇಂಟರ್‌ಸೆಪ್ಟರ್ ಗಾಡಿಗಳಲ್ಲಿ ಹೆಚ್ಚಾಗಿ ಇರುವುದು ಲೇಸರ್ ಗನ್. ಅದು ಕಣ್ಣಿಗೆ ಕಾಣದ ಬೆಳಕಿನ ತುಣುಕುಗಳನ್ನು ಸೆಕೆಂಡಿಗೆ ನೂರಾರು ಸಲ ಬಿಟ್ಟು, ಪ್ರತಿಯೊಂದೂ ಹೋಗಿ ಬರಲು ಎಷ್ಟು ಹೊತ್ತು ಹಿಡಿಯಿತು ಅಂತ ಅಳೆಯುತ್ತದೆ. 300 ಮೀಟರ್ ದೂರದ ಕಾರಿಗೆ ಹೋಗಿ ಬರಲು ಸೆಕೆಂಡಿನ ಹತ್ತು ಲಕ್ಷದ ಎರಡು ಪಾಲು ಸಾಕು. ದೂರ ಎಷ್ಟು ಬೇಗ ಕಡಿಮೆಯಾಗುತ್ತಿದೆ ಅನ್ನುವುದೇ ವೇಗ. ಆ ಬೆಳಕು 300 ಮೀಟರ್ ದೂರದಲ್ಲೂ ಒಂದು ಮೀಟರಿಗಿಂತ ಹೆಚ್ಚು ಹರಡುವುದಿಲ್ಲ. ಹಾಗಾಗಿ ಪಕ್ಕದ ಕಾರಿನ ಗೊಂದಲ ಅಲ್ಲಿ ತೀರಾ ಕಡಿಮೆ. ಕ್ಯಾಮೆರಾ ಜೋಡಿಸಿದ ಗನ್ ಆದರೆ ಫೋಟೋದ ಮೇಲೆ ಗುರಿಯ ಗುರುತೂ ಬರುತ್ತದೆ. ಆ ಗುರುತು ನಿಮ್ಮ ಕಾರಿನ ಮೇಲಿದ್ದರೆ ವಾದ ಮುಗಿಯಿತು ಅಂತಲೇ ಲೆಕ್ಕ.

ರಸ್ತೆಯೊಳಗೆ ಹೂತ ಸೆನ್ಸರ್‌ಗಳೂ ಇವೆ. ಗಾಡಿ ಮೊದಲ ತಂತಿ ದಾಟಿ ಎರಡನೆಯದನ್ನು ದಾಟಲು ಹಿಡಿದ ಹೊತ್ತನ್ನು ಅವು ಅಳೆಯುತ್ತವೆ. ಲೇನಿಗೊಂದು ಜೋಡಿ ಇರುವುದರಿಂದ ಯಾರ ಅಂಕಿ ಅನ್ನುವ ಗೊಂದಲ ಇಲ್ಲ. ಆದರೆ ಲಾರಿಗಳ ಭಾರಕ್ಕೆ, ಬಿಸಿಲು ಮಳೆಗೆ ಅವು ಸವೆಯುತ್ತವೆ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ 2003ರಲ್ಲಿ ಒಂದು ಮುದಿ ಡಾಟ್ಸನ್ 120ವೈ ಕಾರಿಗೆ 158 ಕಿ.ಮೀ. ವೇಗದ ನೋಟಿಸ್ ಹೋಯಿತು. ಪರೀಕ್ಷೆ ಮಾಡಿ ನೋಡಿದರೆ ಆ ಕಾರನ್ನು 120ಕ್ಕೆ ತರುವುದೇ ಆಗಲಿಲ್ಲ! ಆ ರಸ್ತೆಯ ಕ್ಯಾಮೆರಾಗಳನ್ನು ನಿಲ್ಲಿಸಿ ಸರ್ಕಾರ ಸಾವಿರಾರು ಜನರಿಗೆ ದಂಡ ವಾಪಸ್ ಕೊಡಬೇಕಾಯಿತು.

ನಿಮ್ಮ ಬ್ರೇಕ್ ಪ್ರಶ್ನೆ. ಹಿಂಬಾಲಿಸುವ ರಾಡಾರ್ ನಿಮ್ಮನ್ನು ಕಂಬಕ್ಕಿಂತ ಎಷ್ಟೋ ಮೀಟರ್ ಮೊದಲೇ ಹಿಡಿದಿರುತ್ತದೆ. ಕ್ಯಾಮೆರಾ ಕಂಡ ಮೇಲೆ ಬ್ರೇಕ್ ಒತ್ತಿದರೆ ಹೆಚ್ಚಿನ ಸಲ ತಡವಾಗಿರುತ್ತದೆ. ಹಿಂದೆ ಬರುತ್ತಿರುವವರಿಗೆ ಮಾತ್ರ ಗಂಡಾಂತರ. ಎರಡು ಕಂಬಗಳ ನಡುವಿನ ಸರಾಸರಿ ನೋಡುವ ಪದ್ಧತಿ ಬಂದರೆ ಬ್ರೇಕಿನ ಆಟ ಪೂರ್ತಿ ಮುಗಿದಂತೆ. ಇಟಲಿಯ ಹೆದ್ದಾರಿಗಳಲ್ಲಿ 2005ರಿಂದಲೇ ಇದು ಇದೆ. ಮೊದಲ ಕಂಬದಲ್ಲಿ ನಂಬರ್ ಓದಿ ಹೊತ್ತು ಬರೆದುಕೊಳ್ಳುತ್ತದೆ, ಕೆಲವು ಕಿಲೋಮೀಟರ್ ಆಚೆ ಮತ್ತೆ ಓದುತ್ತದೆ. 10 ಕಿ.ಮೀ. ದೂರವನ್ನು 5 ನಿಮಿಷದಲ್ಲಿ ದಾಟಿದರೆ ಸರಾಸರಿ 120. ಇದರಲ್ಲಿ ರಾಡಾರೂ ಇಲ್ಲ, ಕೋನವೂ ಇಲ್ಲ. ಗಡಿಯಾರ ಒಂದು ಸೆಕೆಂಡ್ ತಪ್ಪಿದರೂ ವೇಗದಲ್ಲಿ ಅರ್ಧ ಕಿಲೋಮೀಟರ್ ವ್ಯತ್ಯಾಸವೂ ಬರುವುದಿಲ್ಲ. ಪಕ್ಕದ ಕಾರಿನ ಪ್ರಶ್ನೆಯೇ ಏಳುವುದಿಲ್ಲ. ನನ್ನನ್ನು ಕೇಳಿದರೆ ನಮ್ಮ ಉದ್ದನೆಯ ಹೆದ್ದಾರಿಗಳಿಗೆ ಇದೇ ನ್ಯಾಯವಾದ ಪದ್ಧತಿ.

ನಂಬರ್ ಓದುವಲ್ಲೂ ಎಡವಟ್ಟು ಆಗುತ್ತದೆ. 118ರ ವೇಗದಲ್ಲಿ ಕಾರು ಸೆಕೆಂಡಿನ ಸಾವಿರದ ಒಂದು ಪಾಲಿನಲ್ಲಿ ಮೂರು ಸೆಂಟಿಮೀಟರಿಗೂ ಹೆಚ್ಚು ಸರಿಯುತ್ತದೆ. ಕಾರಿನ ಪ್ಲೇಟಿನ ಅಕ್ಷರದ ಗೆರೆಯ ದಪ್ಪ ಒಂದೇ ಸೆಂಟಿಮೀಟರ್. ಹಾಗಾಗಿ ಕ್ಯಾಮೆರಾ ಇನ್ನೂ ಚುರುಕಾಗಿ ಕಣ್ಣು ಮಿಟುಕಿಸಬೇಕು, ಅದಕ್ಕೆ ಜೋರು ಬೆಳಕು ಬೇಕು. ಬಿಳಿ ಫ್ಲ್ಯಾಶ್ ಹಾಕಿದರೆ ರಾತ್ರಿ ಚಾಲಕರ ಕಣ್ಣು ಕುಕ್ಕುತ್ತದೆ ಅಂತ ಇನ್‌ಫ್ರಾರೆಡ್ ಬೆಳಕು ಹಾಕುತ್ತಾರೆ. ಈಗಿನ ಎಚ್‌ಎಸ್‌ಆರ್‌ಪಿ ಪ್ಲೇಟಿನ ಹೊಳಪು ಹಾಳೆ ಬಂದ ಬೆಳಕನ್ನು ಬಂದ ದಾರಿಗೇ ತಿರುಗಿಸುವುದರಿಂದ ಕತ್ತಲಲ್ಲೂ ಪ್ಲೇಟು ಬೆಳ್ಳಗೆ ಹೊಳೆದು ನಂಬರ್ ಎದ್ದು ಕಾಣುತ್ತದೆ. ಆದರೂ 8 ಮತ್ತು ಬಿ, ಸೊನ್ನೆ ಮತ್ತು ಡಿ ಅದಲು ಬದಲು ಆಗುವುದುಂಟು. ಫೋಟೋದಲ್ಲಿರುವುದು ನಿಮ್ಮದೇ ಕಾರು ಅಂತ ನೀವೇ ಹೇಳುತ್ತಿರುವುದರಿಂದ ನಿಮ್ಮ ಕೇಸಿನಲ್ಲಿ ಇದು ಬರುವುದಿಲ್ಲ.

ಇನ್ನು ಕಾನೂನು. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 167ಎ ಸೇರಿತು. ಅದರ ಪ್ರಕಾರ ಇಂಥ ಉಪಕರಣಕ್ಕೆ ಒಪ್ಪಿಗೆ ಪ್ರಮಾಣಪತ್ರ ಇರಬೇಕು, ಅದನ್ನು ಪ್ರತಿ ವರ್ಷ ನವೀಕರಿಸಬೇಕು. ಕ್ಯಾಮೆರಾ ಇದೆ ಅಂತ ಮೊದಲೇ ಫಲಕ ಹಾಕಿರಬೇಕು. ಚಲನ್ ಜೊತೆ ತಪ್ಪನ್ನೂ ನಂಬರ್ ಪ್ಲೇಟನ್ನೂ ತೋರಿಸುವ ಸ್ಪಷ್ಟ ಫೋಟೋ, ಉಪಕರಣದ ಅಳತೆ, ದಿನ, ಹೊತ್ತು, ಜಾಗ ಎಲ್ಲ ಇರಬೇಕು. ಅದಲ್ಲದೆ 2025ರ ಜುಲೈ 1ರಿಂದ ವೇಗ ಅಳೆಯುವ ರಾಡಾರ್‌ಗಳಿಗೆ ಕಾನೂನು ಮಾಪನ ಇಲಾಖೆಯ ಪರಿಶೀಲನೆ ಮತ್ತು ಮುದ್ರೆ ಬೇಕು. ಅಂಗಡಿಯ ತಕ್ಕಡಿಗೂ ಪೆಟ್ರೋಲ್ ಬಂಕಿಗೂ ಮುದ್ರೆ ಹಾಕುವ ಅದೇ ಇಲಾಖೆ. ಇದು ತುಂಬ ಮೊದಲೇ ಬರಬೇಕಿತ್ತು. ಜರ್ಮನಿಯಲ್ಲಿ ಮುದ್ರೆ ಹಾಕಿದ ಉಪಕರಣದ ಅಂಕಿಯಿಂದಲೂ 100ರ ವರೆಗೆ 3 ಕಿ.ಮೀ., ಅದರ ಮೇಲೆ ನೂರಕ್ಕೆ ಮೂರರಷ್ಟು ಕಳೆದೇ ದಂಡ ಹಾಕುತ್ತಾರೆ. ಆ ಲೆಕ್ಕದಲ್ಲೂ ನಿಮ್ಮ 118 ಇಳಿಯುವುದು 114ಕ್ಕೆ. ಹಾಗಾಗಿ ಅಂಕಿಯ ಒಂದೆರಡು ಕಿಲೋಮೀಟರ್ ಹಿಡಿದು ಜಗ್ಗಾಡಬೇಡಿ.

ನೀವು ಕೇಳಬೇಕಾದದ್ದು ಬೇರೆ. ಚಲನ್ ಫೋಟೋವನ್ನು ಪೂರ್ತಿ ಗಾತ್ರದಲ್ಲಿ ಇಳಿಸಿಕೊಳ್ಳಿ. ಮೊಬೈಲ್ ಪರದೆಯಲ್ಲಿ ನೋಡಿದರೆ ಅಂಚಿನ ಗುರುತುಗಳು ಕಾಣುವುದಿಲ್ಲ. ಲೇನ್ ಸಂಖ್ಯೆ ಬರೆದಿದೆಯಾ, ಚೌಕಟ್ಟು ಅಥವಾ ಗುರಿಯ ಗುರುತು ಯಾವ ಕಾರಿನ ಮೇಲಿದೆ ಅಂತ ನೋಡಿ. ಬರೆದ ಲೇನ್ ನೀವಿದ್ದ ಲೇನ್ ಅಲ್ಲದಿದ್ದರೆ ನಿಮ್ಮ ಕೇಸ್ ಗಟ್ಟಿ. ಗುರುತು ನಿಮ್ಮ ಮೇಲೆಯೇ ಇದ್ದು, ಅದರೊಳಗೆ ನೀವೊಬ್ಬರೇ ಇದ್ದರೆ ದಂಡ ಕಟ್ಟಿಬಿಡಿ. ಮೋಟಾರು ವಾಹನ ಕಾಯ್ದೆಯ 183ನೇ ಸೆಕ್ಷನ್‌ನಲ್ಲಿ ಕಾರಿಗೆ ಒಂದರಿಂದ ಎರಡು ಸಾವಿರ ರೂಪಾಯಿ ದಂಡ ಇದೆ. ಗುರುತು ಇಬ್ಬರನ್ನೂ ಸುತ್ತಿದ್ದರೆ ಅಥವಾ ಗುರುತೇ ಇಲ್ಲದಿದ್ದರೆ ಪರಿವಾಹನ್ ಇ-ಚಲನ್ ತಾಣದಲ್ಲಿ ದೂರು ಹಾಕಿ. ಉಪಕರಣ ಯಾವ ಬಗೆಯದು, ಅದರ ಪ್ರಮಾಣಪತ್ರದ ತಾರೀಖು ಏನು ಅಂತ ಬರಹದಲ್ಲೇ ಕೇಳಿ. ಎರಡನೇ ಫೋಟೋ ಅಥವಾ ವಿಡಿಯೋ ತುಣುಕನ್ನು ಅದರ ಹೊತ್ತಿನ ಸಮೇತ ಕೊಡಿ ಅಂತಲೂ ಸೇರಿಸಿ. ಅರ್ಧ ಸೆಕೆಂಡ್ ಅಂತರದ ಎರಡು ಚಿತ್ರ ಸಿಕ್ಕರೆ ಲೇನಿನ ಬಿಳಿ ಗೆರೆಗಳನ್ನು ಹಿಡಿದು ಯಾವ ಕಾರು 14 ಮೀಟರ್ ಸರಿದಿದೆ, ಯಾವುದು 16ರ ಮೇಲೆ ಸರಿದಿದೆ ಅಂತ ನೀವೇ ಅಳೆಯಬಹುದು. ಎರಡು ಮೀಟರಿನ ಈ ವ್ಯತ್ಯಾಸ ಹಿಡಿಯುವಷ್ಟು ಸ್ಪಷ್ಟ ಚಿತ್ರ ಸಿಗದಿದ್ದರೂ ಚಿಂತೆಯಿಲ್ಲ. ಮೊದಲ ಚಿತ್ರದಿಂದ ಎರಡನೆಯದಕ್ಕೆ ಆ ಕಾರು ನಿಮ್ಮನ್ನು ಹಿಂದೆ ಹಾಕಿ ಮುಂದಕ್ಕೆ ಸರಿದದ್ದು ಕಂಡರೆ ಇಬ್ಬರಲ್ಲಿ ವೇಗ ಯಾರದು ಹೆಚ್ಚಿತ್ತು ಅನ್ನುವುದು ಅಳೆಯದೆಯೇ ಗೊತ್ತಾಗುತ್ತದೆ. ದೂರಿನ ಜೊತೆ ಆ ಎರಡೂ ಚಿತ್ರಗಳನ್ನು ಲಗತ್ತಿಸಿ.